ಸೀಟಿನ ಕೆಳಗಿನ ಸದ್ದು

ಸಕಲೇಶಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಜೀಪುಗಳಲ್ಲಿ ಸದ್ದು ಮಾಡದ ಭಾಗ ಅಂತ ಒಂದೂ ಇರುವುದಿಲ್ಲ. ತಗಡು ಅದುರುತ್ತದೆ, ಟಾರ್ಪಾಲು ಬಡಿದುಕೊಳ್ಳುತ್ತದೆ, ಗೇರು ಗೊರಗುಟ್ಟುತ್ತದೆ. ಅಂಥ ಗಾಡಿಯ ಯಜಮಾನ ಬಂದು ‘ಹೊಸದೊಂದು ಸದ್ದು ಶುರುವಾಗಿದೆ’ ಅಂದರೆ ನಂಬಬೇಕು. ಅಷ್ಟು ವರ್ಷ ಕೇಳಿ ಪಳಗಿದ ಗದ್ದಲದೊಳಗಿಂದ ಒಂದನ್ನು ಆರಿಸಿ ಹೇಳುತ್ತಿದ್ದಾನೆ ಅವನು. ಆದರೆ ಸದ್ದು ಬಂದಿದೆ ಎಂಬುದನ್ನಷ್ಟೇ ನಂಬಬೇಕು. ಎಲ್ಲಿಂದ, ಯಾಕೆ, ಯಾರಿಂದ ಎಂದು ಅವನು ಅದೇ ಉಸಿರಿನಲ್ಲಿ ಸೇರಿಸುವ ಮಾತುಗಳನ್ನು ಬೇರೆಯೇ ತಕ್ಕಡಿಯಲ್ಲಿ ತೂಗಬೇಕು.

ಇಲ್ಲಿ ಹೇಳುತ್ತಿರುವ ಗಾಡಿ 1966ರ ಮಹೀಂದ್ರ ಜೀಪು, ಸಿಜೆ3ಬಿ. ಅಮೆರಿಕದ ವಿಲ್ಲೀಸ್ ಕಂಪನಿ ಈ ಮಾದರಿಯನ್ನು 1953ರಲ್ಲಿ ತಂದಿತು. ಅದಕ್ಕೆ ಹಾಕಿದ ಹರಿಕೇನ್ ಎಂಜಿನ್ನು ಹಿಂದಿನದಕ್ಕಿಂತ ಎತ್ತರವಾಗಿತ್ತು, ಬಾನೆಟ್ಟನ್ನೇ ಮೇಲೆತ್ತಬೇಕಾಯಿತು. ಆ ಎತ್ತರದ ಮೂತಿಯಿಂದಲೇ ಇದನ್ನು ದೂರದಿಂದ ಗುರುತು ಹಿಡಿಯಬಹುದು. ಅಲ್ಲಿ 1968ಕ್ಕೆ ನಿಂತರೂ ನಮ್ಮಲ್ಲಿ ಮಹೀಂದ್ರದವರು ಅದೇ ಮೈಕಟ್ಟನ್ನು ದಶಕಗಳ ಕಾಲ ಎಳೆದುಕೊಂಡು ಬಂದರು. ಮೂರು ಗೇರು. ಗೇರ್ ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು. ಅಲ್ಲಿಂದ ಹಿಂದಿನ ಚಕ್ರಗಳಿಗೊಂದು, ಮುಂದಿನ ಚಕ್ರಗಳಿಗೊಂದು ಪ್ರೊಪೆಲ್ಲರ್ ಶಾಫ್ಟು. ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ. ಈ ಟ್ಯಾಂಕಿನ ವಿಷಯ ಮುಂದೆ ಬೇಕಾಗುತ್ತದೆ.

ಯಜಮಾನರನ್ನು ಊರಲ್ಲಿ ಎಲ್ಲರೂ ಕರೆಯುವಂತೆ ಗೌಡರು ಎನ್ನೋಣ. ಜೀಪು ಅವರ ತಂದೆ ಕೊಂಡದ್ದು. ಅದನ್ನು ಓಡಿಸಲು ಬಹಳ ವರ್ಷಗಳಿಂದ ಒಬ್ಬ ಡ್ರೈವರ್ ಇದ್ದ. ಕೆಲಸದಲ್ಲಿ ನಿಯತ್ತಿನವನೇ, ಆದರೆ ಕ್ಲಚ್ ಪೆಡಲ್ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಗೌಡರು ಹೇಳಿ ಹೇಳಿ ಸೋತಿದ್ದರು. ಕೊನೆಗೆ ಕ್ಲಚ್ ಪ್ಲೇಟು ಸವೆದು ಗಾಡಿ ಏರು ಹತ್ತದಾಯಿತು. ಹಾಸನದ ಒಂದು ಗ್ಯಾರೇಜಿನಲ್ಲಿ ಹೊಸ ಪ್ಲೇಟು ಹಾಕಿಸಿದರು. ಗಾಡಿ ಏರು ಹತ್ತಿತು, ಎಲ್ಲರೂ ಅದನ್ನು ಮರೆತರು.

ಕೆಲವು ವಾರಗಳ ನಂತರ ಗೌಡರು ನಾಲ್ಕೂ ಚಕ್ರಕ್ಕೆ ಹೊಸ ಟಯರ್ ಹಾಕಿಸಿ, ಒಂದು ಮದುವೆಗೆಂದು ಹೆದ್ದಾರಿಗೆ ಇಳಿಸಿದರು. ಮುಳ್ಳು 50 ದಾಟುತ್ತಿದ್ದ ಹಾಗೆ ನೆಲದ ತಗಡು ನಡುಗತೊಡಗಿತು. ಸೀಟಿನ ಕೆಳಗಿಂದ ‘ಗುಂಯ್’ ಎಂಬ ಸದ್ದು. 45ಕ್ಕೆ ಇಳಿಸಿದರೆ ಮಾಯ. ಮೊನ್ನೆ ತಾನೆ ಟಯರ್ ಹಾಕಿಸಿದ್ದು, ಇವತ್ತು ನಡುಕ. ಗೌಡರಿಗೆ ಸಂದೇಹವೇ ಉಳಿಯಲಿಲ್ಲ.

ಟಯರ್ ಅಂಗಡಿಯವನು ಚಕ್ರಗಳನ್ನು ಬ್ಯಾಲೆನ್ಸ್ ಮಾಡಿ ನೋಡಿದ. ಒಂದು ರಿಮ್ ಬೆಂಡಾಗಿತ್ತು. ನಿಜವಾಗಿಯೇ ಬೆಂಡಾಗಿತ್ತು, ಗೌಡರು ಕಣ್ಣಾರೆ ಕಂಡರು. ಬೇರೆ ರಿಮ್ ಹಾಕಿಸಿದರು. ನಡುಕ ಹಾಗೇ ಇತ್ತು.

ಎರಡನೆಯ ಕಡೆ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ಹಿಂದಿನ ಶಾಫ್ಟನ್ನು ಹಿಡಿದು ಅಲ್ಲಾಡಿಸಿದ. ಯುಜೆ ಕ್ರಾಸಿನಲ್ಲಿ ಆಟ ಇತ್ತು. ಶಾಫ್ಟಿನ ಎರಡು ತುದಿಗೂ ಒಂದೊಂದು ಕೂಡಿಕೆ ಇರುತ್ತದೆ, ಅದರೊಳಗಿನ ಅಡ್ಡತುಂಡು ಸೂಜಿ ಬೇರಿಂಗುಗಳ ಮೇಲೆ ಆಡುತ್ತದೆ. ಸೂಜಿಗಳು ತುಕ್ಕು ಹಿಡಿದು ಪುಡಿಯಾಗಿದ್ದವು. ಈ ಮೆಕ್ಯಾನಿಕ್ ಶಿಸ್ತಿನವನು. ಬಿಚ್ಚುವ ಮೊದಲು ಶಾಫ್ಟಿನ ಪ್ರತಿ ಕೂಡಿಕೆಗೂ ಪಂಚ್‌ನಿಂದ ಗುರುತು ಹೊಡೆದ, ಜೋಡಿಸುವಾಗ ಗುರುತಿಗೆ ಗುರುತು ಕೂಡಿಸಿದ. ಗಾಡಿ ಹೊರಡುವಾಗ ಕೇಳುತ್ತಿದ್ದ ‘ಟಕ್’ ಎಂಬ ಪೆಟ್ಟು ನಿಂತುಹೋಯಿತು. ಗೌಡರಿಗೆ ಸಮಾಧಾನವಾಯಿತು, 50 ದಾಟುವವರೆಗೆ.

ಮೂರನೆಯವನು ಡಿಫರೆನ್ಷಿಯಲ್ ಅಂದ. ಬಿಚ್ಚಿದರೆ ಅಲ್ಲೂ ಪಿನಿಯನ್ ಬೇರಿಂಗು ಸವೆದಿತ್ತು. ಅದನ್ನು ಬದಲಿಸಿದ. ಆದರೆ ಅದರೊಳಗಿನ ಕ್ರೌನು ಮತ್ತು ಪಿನಿಯನ್ ಹಲ್ಲುಚಕ್ರಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡ ಜೋಡಿ. ಬೇರಿಂಗು ಬದಲಾದಾಗ ಪಿನಿಯನ್ ಕೂಡುವ ಆಳವೂ ತುಸು ಬದಲಾಗುತ್ತದೆ. ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆಂದು ನೋಡಿ, ಶಿಮ್ ಎಂಬ ತೆಳುವಾದ ಬಿಲ್ಲೆಗಳನ್ನು ಸರಿಮಾಡಬೇಕು. ಅದು ತಾಳ್ಮೆಯ ಕೆಲಸ, ಮಾಡಿದಂತಿಲ್ಲ. ನಡುಕ ಹೋಗಲಿಲ್ಲ, ಜೊತೆಗೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹಿಂದಿನಿಂದ ಸಣ್ಣ ಕೂಗೊಂದು ಸೇರಿಕೊಂಡಿತು.

ಈ ನಡುವೆ ಡ್ರೈವರನ್ನು ಬಿಡಿಸಿದ್ದರು. ಯಾವ ಗ್ಯಾರೇಜಿಗೆ ಹೋದರೂ ‘ಯಾರು ಓಡಿಸ್ತಾರೆ?’ ಎಂಬ ಪ್ರಶ್ನೆ ಬರುತ್ತಿತ್ತು. ಕ್ಲಚ್ ತಿಂದ ಕಥೆಯನ್ನು ಗೌಡರೇ ಹೇಳುತ್ತಿದ್ದರು, ಕೇಳಿದವರು ತಲೆಯಾಡಿಸುತ್ತಿದ್ದರು. ಸದ್ದು ಬರುತ್ತಿದ್ದದ್ದೂ ಡ್ರೈವರ್ ಸೀಟಿನ ಕೆಳಗಿಂದಲೇ ಅಲ್ಲವೇ.

ಮೋಸ ನಡೆದಿದ್ದರೆ ಈ ಪ್ರಕರಣ ಸುಲಭವಿತ್ತು. ಹಾಕದ ಸಾಮಾನಿಗೆ ಬಿಲ್ಲು ಮಾಡುವವನನ್ನು ಏನು ಮಾಡಬೇಕೆಂದು ನಮಗೆ ಗೊತ್ತು: ಬೈಯುತ್ತೇವೆ, ನಾಲ್ಕು ಜನರಿಗೆ ಹೇಳುತ್ತೇವೆ, ಇನ್ನೊಮ್ಮೆ ಆ ಕಡೆ ಹೋಗುವುದಿಲ್ಲ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ರಿಮ್ ಬೆಂಡಾಗಿದ್ದು ಸುಳ್ಳಲ್ಲ, ಸೂಜಿ ಪುಡಿಯಾಗಿದ್ದು ಸುಳ್ಳಲ್ಲ, ಬೇರಿಂಗು ಸವೆದದ್ದು ಸುಳ್ಳಲ್ಲ, ಡ್ರೈವರ್ ಕ್ಲಚ್ ಮೇಲೆ ಕಾಲಿಡುತ್ತಿದ್ದದ್ದೂ ಸುಳ್ಳಲ್ಲ. ಪ್ರತಿಯೊಬ್ಬನೂ ಹುಡುಕಿದ, ಪ್ರತಿಯೊಬ್ಬನಿಗೂ ಸಿಕ್ಕಿತು. ತೊಂದರೆ ಇರುವುದು ಆ ಸಿಗುವುದರಲ್ಲೇ. ಅರ್ಧ ಶತಮಾನ ಓಡಿದ ಗಾಡಿಯಲ್ಲಿ ಹುಡುಕಿದವನಿಗೆ ಸಿಗದೆ ಇರುವುದು ಯಾವುದು? ಒಂದು ದೋಷ ಕಣ್ಣಿಗೆ ಬಿದ್ದೊಡನೆ ಹುಡುಕಾಟ ನಿಂತುಬಿಡುತ್ತದೆ. ಸಿಕ್ಕ ದೋಷಕ್ಕೂ ನಾವು ಹುಡುಕಿ ಹೊರಟ ತೊಂದರೆಗೂ ಸಂಬಂಧವಿದೆಯೇ ಎಂದು ಕೇಳುವ ತ್ರಾಣ ಆಮೇಲೆ ಯಾರಲ್ಲೂ ಇರುವುದಿಲ್ಲ.

ಸಂಬಂಧ ಇದೆಯೋ ಇಲ್ಲವೋ ನೋಡಲು ಒಂದು ದಾರಿ ಇದೆ. ಸದ್ದು ಯಾಕೆ ಬರುತ್ತದೆ ಎಂದು ಹೇಳುವ ಕಾರಣವು ಸದ್ದು ಇಲ್ಲದಿದ್ದಾಗ ಯಾಕೆ ಇಲ್ಲ ಎಂಬುದನ್ನೂ ಹೇಳಬೇಕು. ರಿಮ್ಮಿನದು ಹಳೆಯ ಬೆಂಡು, ಕಳೆದ ವರ್ಷ ಯಾಕೆ ನಡುಗಲಿಲ್ಲ? ಕ್ರಾಸಿನ ಆಟ ಒಂದೇ ವಾರದಲ್ಲಿ ಹುಟ್ಟಿದ್ದೇ? ಡ್ರೈವರನ ಕಾಲು ಕೆಟ್ಟದ್ದಾದರೆ ಅವನು ಹೋದ ಮೇಲೂ ಗಾಡಿ ಯಾಕೆ ನಡುಗಬೇಕು? ಈ ಕೊನೆಯ ಪ್ರಶ್ನೆ ಗೌಡರ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ ಎಂಬುದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ವಿಚಿತ್ರವಾಗಿ ಕಂಡಿತು. ಸಾಮಾನು ಬದಲಿಸಿಯೂ ಸದ್ದು ಹೋಗದಿದ್ದರೆ ಆ ಸಾಮಾನನ್ನು ನಿರಪರಾಧಿ ಎಂದು ಒಪ್ಪುತ್ತೇವೆ. ಮನುಷ್ಯನನ್ನು ಬದಲಿಸಿಯೂ ಹೋಗದಿದ್ದರೆ ಅವನು ‘ಮೊದಲೇ ಹಾಳು ಮಾಡಿಟ್ಟು ಹೋಗಿದ್ದಾನೆ’ ಎನ್ನುತ್ತೇವೆ.

ನಾಲ್ಕನೆಯವರು ಒಬ್ಬ ಹಿರಿಯ ಮೇಸ್ತ್ರಿ. ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ಹಳೆಯ ಗಾಡಿ ಬಂದಾಗ ಮಾತ್ರ ಎದ್ದು ಬರುವವರು. ಅವರು ಬಾನೆಟ್ಟು ಎತ್ತಲಿಲ್ಲ, ಕೆಳಗೆ ಬಗ್ಗಲೂ ಇಲ್ಲ. ಸ್ಟೂಲು ಎಳೆದುಕೊಂಡು ಕೂತರು. ಆ ದಿನ ಗೌಡರ ಜೊತೆ ನಾನೂ ಹೋಗಿದ್ದೆ.

“ಯಾವಾಗ್ನಿಂದ ಗೌಡ್ರೇ?”

“ಟಯರ್ ಹಾಕ್ಸಿದ್ಮೇಲೆ.”

“ಟಯರ್ ಹಾಕ್ಸೋಕ್ ಮುಂಚೆ ಐವತ್ತರ ಮೇಲೆ ಕೊನೇ ಸಲ ಓಡ್ಸಿದ್ದು ಯಾವಾಗ?”

ಗೌಡರು ಲೆಕ್ಕ ಹಾಕಿದರು. ತೋಟದ ದಾರಿಯಲ್ಲಿ 20, 25ರ ಮೇಲೆ ಹೋಗುವಂತೆಯೇ ಇಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿದ್ದು ಕ್ಲಚ್ ಕೆಡುವುದಕ್ಕಿಂತಲೂ ಹಿಂದೆ. ಅಂದರೆ ನಡುಕ ಹುಟ್ಟಿದ ದಿನಕ್ಕೂ ನಡುಕ ಕಂಡ ದಿನಕ್ಕೂ ನಡುವೆ ವಾರಗಳೇ ಇರಬಹುದಿತ್ತು.

“ಡ್ರೈವರ್ ಏನಂತಾನೆ?”

“ಅವನ್ನ ಬಿಡ್ಸಾಯ್ತು.”

“ಬಿಡ್ಸಿದ್ರೆ ಅವ್ನ ಕಿವೀನೂ ಹೋಯ್ತಾ?” ಎಂದು ಮೇಸ್ತ್ರಿ ಅಲ್ಲೇ ಫೋನು ಹಚ್ಚಿದರು. ಆ ಕಡೆಯಿಂದ ಬಂದ ಮಾತು ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. ಕ್ಲಚ್ ಕೆಲಸ ಮುಗಿಸಿ ಹಾಸನದಿಂದ ವಾಪಸು ಬರುವಾಗಲೇ, ಬಾಳ್ಳುಪೇಟೆಯ ಹತ್ತಿರ, ಗಾಡಿ ನಡುಗಿತ್ತಂತೆ. ಬಂದು ಹೇಳಿದ್ದನಂತೆ. ‘ಕ್ಲಚ್ ತಿಂದು ಹಾಕ್ದೋನು ನೀನು, ಈಗ ಇದೊಂದು ಹೊಸಾ ರಾಗ’ ಎಂಬ ಉತ್ತರ ಬಂದಿತ್ತಂತೆ. ಗೌಡರು ಅಂಗಳದ ಕಡೆ ನೋಡುತ್ತ ಕೂತಿದ್ದರು.

ಇಡೀ ಪ್ರಕರಣಕ್ಕೆ ಇದ್ದ ಸಾಕ್ಷಿ ಒಬ್ಬನೇ. ಆರೋಪಿಯೂ ಅವನೇ ಆಗಿದ್ದರಿಂದ ಸಾಕ್ಷ್ಯ ದಾಖಲಾಗಲಿಲ್ಲ.

ಮೇಸ್ತ್ರಿ ಆದರೂ ಡ್ರೈವರನ ಮಾತನ್ನು ತೀರ್ಪು ಎಂದುಕೊಳ್ಳಲಿಲ್ಲ. ಅದು ಅವರ ದೊಡ್ಡತನ. ಅನ್ಯಾಯವಾದವನ ಮಾತೆಂದು ಕರಗಿ ನಂಬುವುದೂ ಒಂದು ಬಗೆಯ ಸೋಮಾರಿತನವೇ. ಗೌಡರನ್ನೇ ಸ್ಟೀರಿಂಗಿಗೆ ಕೂರಿಸಿ ತಾವು ಹಿಂದೆ ಕೂತರು, ನನ್ನನ್ನೂ ಎಳೆದುಕೊಂಡರು. ಟಾಪ್ ಗೇರಿನಲ್ಲಿ 50 ದಾಟಿದೊಡನೆ ನಡುಕ ಬಂತು. ಅದೇ ವೇಗದಲ್ಲಿ ಎರಡನೆಯ ಗೇರಿಗೆ ಇಳಿಸಲು ಹೇಳಿದರು. ಎಂಜಿನ್ನು ಅರಚಿಕೊಂಡಿತು, ನಡುಕ ಮಾತ್ರ ಮೊದಲಿದ್ದಂತೆಯೇ ಇತ್ತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿಸಿದರು. ಎಂಜಿನ್ನು ತಣ್ಣಗಾಯಿತು, ನಡುಕ ಆಗಲೂ ಇತ್ತು. ಅಲ್ಲಿಗೆ ಎಂಜಿನ್ನೂ ಕ್ಲಚ್ಚೂ ಆಪಾದನೆಯಿಂದ ಹೊರಗೆ. ಗೇರು ಯಾವುದಾದರೂ, ಎಂಜಿನ್ನಿನ ಸುತ್ತು ಎಷ್ಟಾದರೂ, ರಸ್ತೆಯ ವೇಗಕ್ಕೆ ಕಟ್ಟುಬಿದ್ದ ಯಾವುದೋ ಒಂದು ತಿರುಗುತ್ತ ನಡುಗಿಸುತ್ತಿತ್ತು. ಆಕ್ಸಿಲರೇಟರ್ ಬಿಟ್ಟೊಡನೆ ಹಿಂದಿನ ಕೂಗು ಸುಮ್ಮನಾಗುತ್ತಿತ್ತು, ನಡುಕ ಸುಮ್ಮನಾಗುತ್ತಿರಲಿಲ್ಲ. ಗೌಡರು ಇಷ್ಟು ದಿನ ‘ಆ ಸದ್ದು’ ಎನ್ನುತ್ತಿದ್ದದ್ದರಲ್ಲಿ ಎರಡು ಬೇರೆ ಬೇರೆ ತಕರಾರುಗಳಿದ್ದವು.

ಆಮೇಲೆ ನಡೆದದ್ದು ಸ್ವಲ್ಪ ಲೆಕ್ಕ. ಈ ಜೀಪಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 2.2 ಮೀಟರ್ ಉರುಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಆರು ಸುತ್ತಿನ ಮೇಲೆ ತುಸು. ಸಿಜೆ3ಬಿಯ ಆಕ್ಸಲ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಐದೂಕಾಲು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಸೆಕೆಂಡಿಗೆ ಸುಮಾರು 34 ಸುತ್ತು. ಚಕ್ರದ ದೋಷವಾದರೆ ಕೂತವನ ಮೈ ಎಣಿಸಬಹುದಾದ ಕುಲುಕು ಇರುತ್ತದೆ. ನಮ್ಮ ಕಾಲಡಿಯ ತಗಡಿನಲ್ಲಿದ್ದದ್ದು ಎಣಿಕೆಗೆ ಸಿಗದ ಗುಂಯ್ಗುಡುವಿಕೆ. ಮೇಸ್ತ್ರಿ ಈ ಗುಣಾಕಾರ ಮಾಡಲಿಲ್ಲ. ಅಂಗೈಯನ್ನು ತಗಡಿನ ಮೇಲೆ ಊರಿ, “ಇದು ಚಕ್ರದ್ದಲ್ಲ, ಸಣ್ಣಗೆ ಬರ್ತಿದೆ” ಅಂದರು. ಗುಣಾಕಾರ ಮನೆಗೆ ಬಂದ ಮೇಲೆ ನನ್ನದು.

ಮುಂದಿನ ಹೆಜ್ಜೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಲ್ಲ ಜೀಪಿನಂಥ ಗಾಡಿಯಲ್ಲಿ ಮಾತ್ರ ಸಾಧ್ಯವಾಗುವಂಥದ್ದು. ಮುಂದಿನ ಚಕ್ರಗಳಿಗೆ ಶಕ್ತಿ ಕೊಡದಿದ್ದಾಗಲೂ ಚಕ್ರದ ಜೊತೆಗೆ ಮುಂದಿನ ಶಾಫ್ಟು ತಿರುಗುತ್ತಲೇ ಇರುತ್ತದೆ, ಹಾಗಾಗಿ ಅದರ ಮೇಲೂ ಸಂಶಯ ಪಡಬೇಕು. ಮೊದಲು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಓಡಿಸಿದರು. ನಡುಕ ಕಡಿಮೆಯಾಗಲಿಲ್ಲ. ಅದನ್ನು ಮರಳಿ ಕೂರಿಸಿ ಹಿಂದಿನದನ್ನು ಬಿಚ್ಚಿದರು. ಬಿಚ್ಚುವ ಮೊದಲು ಮಗನಿಗೆ ಚಕ್ರದಡಿ ಕಲ್ಲು ಕೊಡಲು ಕೂಗಿ ಹೇಳಿದರು: ಈ ಗಾಡಿಯ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೊರಡುವ ಶಾಫ್ಟನ್ನು. ಶಾಫ್ಟೇ ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದೂ ಗಾಡಿ ಉರುಳಿಹೋಗುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಡ್ಡಿ ಎಳೆದು, ಬರೀ ಮುಂದಿನ ಎಳೆತದಲ್ಲೇ 50, 55ರವರೆಗೆ ಓಡಿಸಿದರು. ನೆಲ ಅಲ್ಲಾಡಲಿಲ್ಲ.

ಇದರ ತರ್ಕ ಎಷ್ಟು ಚೊಕ್ಕವಾಗಿದೆ ನೋಡಿ. ಹಿಂದಿನ ಶಾಫ್ಟು ಇಲ್ಲದಿದ್ದರೂ ನಾಲ್ಕು ಚಕ್ರಗಳು ಅದೇ ವೇಗದಲ್ಲಿ ಉರುಳುತ್ತಿವೆ, ಅವೇ ಟಯರು, ಅವೇ ರಿಮ್ಮು. ಹಿಂದಿನ ಆಕ್ಸಲಿನೊಳಗೆ ಕ್ರೌನು, ಪಿನಿಯನ್ನು, ಹೊಸ ಬೇರಿಂಗು ಎಲ್ಲ ತಿರುಗುತ್ತಲೇ ಇವೆ. ತಿರುಗದೆ ನೆಲದ ಮೇಲೆ ಮಲಗಿರುವುದು ಒಂದೇ. ಒಂದು ಸಾಮಾನೂ ಕೊಳ್ಳದೆ ಉಳಿದೆಲ್ಲವೂ ದೋಷಮುಕ್ತವಾದವು.

ಮಲಗಿದ್ದ ಶಾಫ್ಟಿಗೆ ಮೇಸ್ತ್ರಿ ಸೀಮೆಎಣ್ಣೆ ಹಾಕಿ ಉಜ್ಜಿದರು. ಗ್ರೀಸಿನ ಪದರ, ಅದರ ಕೆಳಗೆ ಮಣ್ಣು, ಅದರ ಕೆಳಗೆ ಇನ್ನೂ ಹಳೆಯ ಗ್ರೀಸು. ಈ ಶಾಫ್ಟು ಎರಡು ತುಂಡಿನದು. ಗುಂಡಿಯಲ್ಲಿ ಆಕ್ಸಲ್ ಏಳುಬೀಳುವಾಗ ಉದ್ದ ಹೆಚ್ಚುಕಡಿಮೆಯಾಗಲು ಒಂದು ತುಂಡು ಇನ್ನೊಂದರೊಳಗೆ ಜಾರುತ್ತದೆ, ಹಲ್ಲಿಗೆ ಹಲ್ಲು ಕಚ್ಚಿಕೊಂಡು. ಕೂಡಿಸುವವರಿಗೆ ತಿಳಿಯಲೆಂದು ಎರಡು ತುಂಡಿನ ಮೇಲೂ ತಯಾರಿಸಿದವರು ಒಂದೊಂದು ಬಾಣದ ಗುರುತು ಒತ್ತಿರುತ್ತಾರೆ. ಬಾಣಗಳು ಎದುರುಬದುರು ಇರಬೇಕು. ಇಲ್ಲಿ ಹಲವು ಹಲ್ಲು ಆಚೆ ಇದ್ದವು. ಎರಡು ಪಂಚ್ ಗುರುತುಗಳು ಮಾತ್ರ ಅಚ್ಚುಕಟ್ಟಾಗಿ ಒಂದಕ್ಕೊಂದು ಎದುರಾಗಿದ್ದವು.

ಕ್ಲಚ್ ಪ್ಲೇಟು ಹಾಕಲು ಗೇರ್ ಬಾಕ್ಸು ಇಳಿಸಬೇಕು, ಅದಕ್ಕೆ ಶಾಫ್ಟುಗಳನ್ನು ಬಿಚ್ಚಬೇಕು. ಹಾಸನದಲ್ಲಿ ಬಿಚ್ಚಿದಾಗ ಎರಡು ತುಂಡು ಕಳಚಿಕೊಂಡಿವೆ. ಸಂಜೆಯಾಗಿತ್ತೋ, ಕೆಲಸದ ಹುಡುಗ ಹೊಸಬನೋ, ಹೇಗೆ ಸಿಕ್ಕಿತೋ ಹಾಗೆ ತೂರಿಸಿದ್ದಾರೆ. ಹಲ್ಲು ಕೂತರೆ ಸರಿಯಾಗಿದೆ ಎಂದೇ ಕೈಗೆ ಅನ್ನಿಸುತ್ತದೆ.

ಹಲವು ಹಲ್ಲು ಆಚೆಯಾದರೆ ಏನಾಗುತ್ತದೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಓರೆಯಾಗಿ ಸೇರುವ ಎರಡು ದಂಡಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಈ ಕೂಡಿಕೆಯನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲೇ ವಿವರಿಸಿದ್ದ. ಮೋಟಾರು ಗಾಡಿಗೆ ಅದನ್ನು ಹೊಂದಿಸಿ ಪೇಟೆಂಟ್ ಪಡೆದ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್‌ನದು 1903ರ ಕಥೆ. ಈ ಕೂಡಿಕೆಯ ಸ್ವಭಾವದಲ್ಲೇ ಒಂದು ಕುಂದಿದೆ. ಓರೆಯಲ್ಲಿ ಒಂದೇ ಕೂಡಿಕೆ ಇದ್ದರೆ, ಈ ಬದಿ ಎಷ್ಟೇ ಸಮನಾಗಿ ತಿರುಗಿಸಿದರೂ ಆ ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಓರೆ 15 ಡಿಗ್ರಿ ಇದ್ದರೆ ವೇಗ ಶೇಕಡ 3.5ರಷ್ಟು ಮೇಲಕ್ಕೂ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೂ ಹೋಗುತ್ತದೆ. ಅದಕ್ಕೇ ಇನ್ನೊಂದು ತುದಿಗೂ ಅಂಥದೇ ಕೂಡಿಕೆ. ಶಾಫ್ಟಿನ ಎರಡು ತುದಿಯಲ್ಲಿ ಅಡ್ಡತುಂಡನ್ನು ಹಿಡಿದಿರುವ ಕವೆಗಳು ಒಂದೇ ನೇರದಲ್ಲಿದ್ದು ಎರಡು ಕಡೆಯ ಓರೆಯೂ ಸಮವಾಗಿದ್ದರೆ, ಮೊದಲನೆಯದು ಏರಿಸಿದ್ದನ್ನು ಎರಡನೆಯದು ಇಳಿಸುತ್ತದೆ. ನೇರ ತಪ್ಪಿದರೆ ಲೆಕ್ಕ ಹೊಂದುವುದಿಲ್ಲ. ಸೆಕೆಂಡಿಗೆ 34 ಸುತ್ತು, ಸುತ್ತಿಗೆ ಎರಡು ಜಗ್ಗು. ಆ ಜಗ್ಗಾಟ ಚಾಸಿ ಹಿಡಿದು ಹತ್ತಿ ಅರ್ಧ ಖಾಲಿಯಾಗಿದ್ದ ಪೆಟ್ರೋಲ್ ಟ್ಯಾಂಕಿನ ತಗಡನ್ನು ನುಡಿಸುತ್ತಿತ್ತು. ಕೇಳಿದ್ದು ಡ್ರೈವರ್ ಸೀಟಿನ ಕೆಳಗೆ, ಹುಟ್ಟಿದ್ದು ಗಾಡಿಯ ಹಿಂಭಾಗದಲ್ಲಿ.

ಇನ್ನೊಂದು ಸಂಗತಿ. ಕಾಫಿ ಮೂಟೆ ಹೇರಲು ಅನುಕೂಲವಾಗಲೆಂದು ಗೌಡರ ತಂದೆಯೇ ಹಿಂದಿನ ಲೀಫ್ ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಹಾಕಿಸಿದ್ದರು. ಗಾಡಿಯ ಹಿಂಭಾಗ ಎತ್ತರವಾಗಿ ಶಾಫ್ಟಿನ ಓರೆ ಹೆಚ್ಚಾಗಿತ್ತು. ಕವೆಗಳು ನೇರವಾಗಿದ್ದಷ್ಟು ಕಾಲ ಅದು ಯಾರನ್ನೂ ಕಾಡಲಿಲ್ಲ, ನೇರ ತಪ್ಪಿದ ಮೇಲೆ ತೊಂದರೆಯನ್ನು ಹಿಗ್ಗಿಸಿತು. ತೀರಿಕೊಂಡ ತಂದೆಯವರನ್ನೂ ಆರೋಪಿಗಳ ಸಾಲಿಗೆ ಸೇರಿಸಬೇಕೆನ್ನುವವರು ಸೇರಿಸಬಹುದು.

ನನ್ನನ್ನು ಹೆಚ್ಚು ಕಾಡಿದ್ದು ಆ ಪಂಚ್ ಗುರುತುಗಳು. ಎರಡನೆಯ ಮೆಕ್ಯಾನಿಕ್ ಹುಂಬನಾಗಿದ್ದು ಶಾಫ್ಟನ್ನು ಎಳೆದು ಎಸೆದು ಮತ್ತೆ ಹೇಗೋ ತೂರಿಸಿದ್ದರೆ, ಅದೃಷ್ಟವಿದ್ದರೆ ಬಾಣಗಳು ಕೂಡಿಬಿಡುತ್ತಿದ್ದವು. ಅವನು ಶಿಸ್ತಿನವನಾದ್ದರಿಂದ ತಪ್ಪು ಇದ್ದಂತೆಯೇ ಉಳಿಯಿತು. ಬಿಚ್ಚಿದ ಹಾಗೆಯೇ ಜೋಡಿಸು ಎಂಬುದು ಒಳ್ಳೆಯ ನಿಯಮ, ಬಿಚ್ಚುವಾಗ ಸರಿಯಿತ್ತು ಎಂಬ ಒಂದು ಷರತ್ತಿನ ಮೇಲೆ. ಮನೆತನಗಳಲ್ಲೂ ಕಚೇರಿಗಳಲ್ಲೂ ‘ಮೊದಲಿನಿಂದ ಹೀಗೇ ನಡೆದುಬಂದಿದೆ’ ಎಂದು ಕಾಪಾಡುವವರು ಬಹುಪಾಲು ಇಂಥ ಪ್ರಾಮಾಣಿಕರೇ. ಕೆಳಗೆ ಬಾಣವಿದೆಯೇ ಎಂದು ಗ್ರೀಸು ಒರೆಸಿ ನೋಡುವುದು ಅವರಿಗೆ ಹಿಂದಿನವರ ಮೇಲೆ ಅನುಮಾನ ಪಟ್ಟಂತೆ ಕಾಣುತ್ತದೆ. ಮೇಸ್ತ್ರಿ ಅವನನ್ನು ದೂರಲಿಲ್ಲ. “ಮಾರ್ಕ್ ಹಾಕಿದ್ದು ಸರಿ. ಒರೆಸಿ ಹಾಕ್ಬೇಕಿತ್ತು” ಅಂದರು, ಅಷ್ಟೇ.

ಬಾಣ ಕೂಡಿಸಿ ಶಾಫ್ಟು ಏರಿಸಿದ ಮೇಲೆ ಗಾಡಿ 60 ದಾಟಿಯೂ ನಡುಗಲಿಲ್ಲ. ಆಕ್ಸಲಿನ ಕೂಗು ಹಾಗೇ ಉಳಿದಿತ್ತು. ಅದಕ್ಕೆ ಶಿಮ್ ಸರಿಮಾಡಲು ಇನ್ನೊಂದು ದಿನ ಬೇಕೆಂದರು.

ದುಡ್ಡಿನ ಮಾತು ಬಂತು. ಗೌಡರು ಅಭ್ಯಾಸಬಲದಿಂದ ಕೇಳಿದರು: “ಏನೇನು ಹಾಕಿದ್ರಿ?” ಏನೂ ಹಾಕಿರಲಿಲ್ಲ. ಸೀಮೆಎಣ್ಣೆ, ಗ್ರೀಸು. ಬೆಳಗಿನಿಂದ ಸಂಜೆಯವರೆಗೆ ಇಬ್ಬರ ಕೂಲಿ. ಮೇಸ್ತ್ರಿ ಹೇಳಿದ ಮೊತ್ತ ಮೂರನೆಯ ಗ್ಯಾರೇಜಿನ ಬಿಲ್ಲಿಗಿಂತ ಬಹಳ ಕಡಿಮೆ, ಆದರೂ ಗೌಡರ ಕೈ ಜೇಬಿನ ಹತ್ತಿರ ಒಂದು ಕ್ಷಣ ತಡೆಯಿತು. ಹೊಸ ಸಾಮಾನಿನ ಡಬ್ಬಿ ಮನೆಗೆ ಬರದೆ ದುಡ್ಡು ಹೋಗುವುದು ನಮಗೆ ಕಷ್ಟ. ಹಿಂದಿನ ಮೂವರೂ ಯೋಚಿಸದೆ ಬದಲಿಸಿದ್ದಕ್ಕೆ ಅವರ ಸೋಮಾರಿತನ ಎಷ್ಟು ಕಾರಣವೋ ಈ ಜೇಬಿನ ಹತ್ತಿರ ತಡೆದ ಕೈಯೂ ಅಷ್ಟೇ ಕಾರಣ. ಯೋಚನೆಗೆ ಬಿಲ್ಲು ಬರೆದರೆ ಗಿರಾಕಿ ಜಗಳವಾಡುತ್ತಾನೆ, ಬೇರಿಂಗಿಗೆ ಬರೆದರೆ ಸುಮ್ಮನೆ ಕೊಡುತ್ತಾನೆ. ಗೌಡರು ಕೊಟ್ಟರು, ತುಸು ಹೆಚ್ಚೇ ಕೊಟ್ಟರು ಎಂಬುದನ್ನೂ ಹೇಳಬೇಕು.

ಹಾಸನದ ಗ್ಯಾರೇಜಿಗೆ ಹೋಗಿ ಕೇಳುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿದರು. ಕೇಳಲಿ. ಶಾಫ್ಟನ್ನು ತಪ್ಪಾಗಿ ಕೂಡಿಸಿದವರು ಅವರು. ಮೇಸ್ತ್ರಿಗೆ ಕೊಟ್ಟ ಕೂಲಿಯನ್ನಾದರೂ ಅವರು ತುಂಬಿಕೊಡುವುದು ನ್ಯಾಯ. ರಿಮ್ಮಿನ ದುಡ್ಡನ್ನೂ ಕ್ರಾಸಿನ ದುಡ್ಡನ್ನೂ ಕೇಳುವ ಹಾಗಿಲ್ಲ, ಅವು ಇಂದಲ್ಲ ನಾಳೆ ಬದಲಾಗಬೇಕಿದ್ದವೇ. ಬೇರಿಂಗಿನದೂ ಹಾಗೆಯೇ, ಕೂಗಿನ ಮಾತು ಮೂರನೆಯವನಲ್ಲಿ ಆಡಬೇಕಾದದ್ದು.

ಡ್ರೈವರನ ವಿಷಯವನ್ನು ನಾನೇ ಎತ್ತಬೇಕಾಯಿತು. ಅವನೀಗ ಬೇರೆ ತೋಟದಲ್ಲಿ ಪಿಕಪ್ ಓಡಿಸುತ್ತಾನೆ, ಕರೆದರೂ ಬರುವುದಿಲ್ಲ. ಒಂದು ಮಾತಾದರೂ ಹೇಳಬಹುದಲ್ಲ ಗೌಡ್ರೇ ಅಂದೆ. ಗೌಡರು ಗೇರು ಬದಲಿಸಿದರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗದೆ ಕೇಳಿದರು:

“ಕ್ಲಚ್ ಮೇಲೆ ಕಾಲಿಡ್ತಿದ್ದದ್ದು ನಿಜ ತಾನೇ?”